ಹೃದಯದ ಬಿಗಿ ಅಳೆಯುವ ಗುಮೊಕ್

ದಕ್ಷಿಣ ಕೊರಿಯಾದ ಡೇಗು ನಗರದಲ್ಲಿ ಬೆಳಕು ಹರಿಯುವ ಹೊತ್ತು. ಕಸಾಯಿಖಾನೆಯ ವ್ಯಾನು ವಿಶ್ವವಿದ್ಯಾಲಯದ ಹಿಂಬಾಗಿಲಿಗೆ ಬಂದು ನಿಲ್ಲುತ್ತದೆ. ಮನುಷ್ಯರದನ್ನು ಬಹಳ ಹೋಲುವ ಹಂದಿಯ ಹೃದಯಗಳಿರುವ ಐಸ್ ಡಬ್ಬಿಯನ್ನು ಅವಚಿಕೊಂಡು ಪ್ರಯೋಗಾಲಯದ ಸಹಾಯಕಿ ಪ್ಯೋ ಗುಮೊಕ್ ಒಳಗೆ ನಡೆಯುತ್ತಾರೆ. ಸ್ನಾಯುವಿನ ಎಳೆ ಯಾವ ಕಡೆಗಿದೆಯೆಂದು ನೋಡಿ, ತೆಳ್ಳನೆಯ ಪಟ್ಟಿಗಳನ್ನು ಕೊಯ್ದು ಯಂತ್ರಕ್ಕೆ ಸಿಕ್ಕಿಸುತ್ತಾರೆ. ಮೆಲ್ಲಗೆ ಎಳೆದಾಗ ಪಟ್ಟಿ ಎಷ್ಟು ಹಿಗ್ಗಿತು, ಎಷ್ಟು ಬಿಗಿಹಿಡಿಯಿತು ಎಂಬ ಅಂಕಿ ಸಿಗುತ್ತದೆ. ಆ ಅಂಕಿಗಳಿಂದಲೇ ಗಣಿತಜ್ಞ ನೋ ಹ್ಯೊನ್‌ಸು ಕಂಪ್ಯೂಟರಿನೊಳಗೆ ಸಮೀಕರಣಗಳ ಹೃದಯವೊಂದನ್ನು ಕಟ್ಟುತ್ತಾರೆ.

ಐವತ್ತೆಂಟರ ಗುಮೊಕ್ ಮೊದಲು ಮಾರುಕಟ್ಟೆಯಲ್ಲಿ ಹಸಿ ಮೀನು ಸೀಳುತ್ತಿದ್ದವರು. "ಮೀನಾದ್ರೆ ಕೊಯ್ದು ತಟ್ಟೇಲಿಟ್ರೆ ಮುಗೀತು. ಇಲ್ಲಿ ಎಳೆ ತಪ್ಪಿ ಕೊಯ್ದ್ರೆ ಅಂಕಿ ಸುಳ್ಳು ಹೇಳುತ್ತೆ," ಎನ್ನುತ್ತಾರೆ. ತಣ್ಣನೆಯ ಉಪ್ಪುನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳ ತುದಿಗಳು ಬಿರಿದಿವೆ.

ಕಳೆದ ವಸಂತ ಅವರ ನಿದ್ದೆ ಕೆಡಿಸಿತ್ತು. ಪೊಹಾಂಗ್‌ನ ಮೀನುಗಾರನೊಬ್ಬನ ಹೃದಯದ ಗೋಡೆ ಒಂದೆಡೆ ತೆಳುವಾಗಿ ಉಬ್ಬಿತ್ತು. ಎಷ್ಟು ಕತ್ತರಿಸಿದರೆ ಉಳಿದದ್ದು ತಾಳೀತು ಎಂದು ಶಸ್ತ್ರವೈದ್ಯರು ಹ್ಯೊನ್‌ಸು ಅವರನ್ನು ಕೇಳಿದ್ದರು. ಆದರೆ ಲೆಕ್ಕದ ಹೃದಯ ಸ್ಕ್ಯಾನಿನಲ್ಲಿ ಕಂಡಂತೆ ಹಿಗ್ಗಲೊಲ್ಲದು. ಎಲ್ಲರ ಅನುಮಾನ ಗುಮೊಕ್ ಕೊಯ್ದ ಪಟ್ಟಿಗಳ ಮೇಲೆ ಹೋಯಿತು. ವಯಸ್ಸಿಗೆ ಕೈ ನಡುಗುತ್ತಿದೆಯೇನೋ ಎಂದು ಗುಮೊಕ್ ಅವರಿಗೂ ಅಳುಕು. ಕೆಲಸ ಬಿಡುವುದಾಗಿ ಗಂಡನಿಗೆ ಹೇಳಿಯೂ ಬಿಟ್ಟರು.

ಕೊನೆಗೆ ಹ್ಯೊನ್‌ಸು ಒಂದು ಬೆಳಿಗ್ಗೆ ಬಂದು ಪಕ್ಕದಲ್ಲಿ ನಿಂತರು. ಗುಮೊಕ್ ಎಂದಿನಂತೆ ಹೃದಯವನ್ನು ಬಳೆಯಾಕಾರಕ್ಕೆ ಕತ್ತರಿಸಿ, ಬಳೆಯ ಒಂದು ಕಡೆ ಸೀಳಿದರು. ಅದು ತಾನಾಗಿ ಬಿಚ್ಚಿಕೊಂಡಿತು. ರಕ್ತ ತುಂಬದಿದ್ದರೂ ಗೋಡೆಯೊಳಗೆ ಬಿಗಿ ಇದ್ದೇ ಇರುತ್ತದೆ. ಹ್ಯೊನ್‌ಸುಗೆ ಅದು ಗೊತ್ತಿತ್ತು; ಲೆಕ್ಕ ಹಗುರವಾಗಲೆಂದು ಬಿಟ್ಟಿದ್ದರು. ತಪ್ಪು ಇಲ್ಲೇ ಇರಬಹುದೇ ಎಂದು ಆ ಬಿಗಿಯನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದರು. ಸಂಜೆಗೆ ಸ್ಕ್ಯಾನಿಗೂ ಲೆಕ್ಕಕ್ಕೂ ತಾಳೆಯಾಯಿತು.

"ಅಕ್ಕಾ, ತಪ್ಪು ನಿಮ್ಮ ಕೈಯದ್ದಲ್ಲ, ನಂದು."

ಗುಮೊಕ್ ಮೇಲಂಗಿ ಕಳಚಿ ಗೂಟಕ್ಕೆ ಹಾಕಿದರು. "ಇಷ್ಟು ದಿನ ನಂಗೆ ಅನ್ನ ಸೇರಿಲ್ಲ. ನಡೀರಿ, ಊಟ ಕೊಡ್ಸಿ," ಅಂದರಂತೆ.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಮೀನುಗಾರ ಈಗ ದಡದಲ್ಲಿ ಕೂತು ಬಲೆ ಹೆಣೆಯುವಷ್ಟು ಚೇತರಿಸಿಕೊಂಡಿದ್ದಾನಂತೆ. ಅವನಿಗೆ ಗುಮೊಕ್ ಯಾರೆಂದು ಗೊತ್ತಿಲ್ಲ. ಹೇಳುವುದೂ ಬೇಡ ಎನ್ನುತ್ತಾರೆ ಅವರು, ಕತ್ತಿ ಒರೆಸುತ್ತ.

"ಒಂದ್ಸಲ ಅವನ ಎದೆಗೆ ಕಿವಿ ಕೊಟ್ಟು ಕೇಳ್ಬೇಕು ಅಂತ ಆಸೆ, ಅಷ್ಟೇ. ನಾನು ಇಷ್ಟು ವರ್ಷ ಮುಟ್ಟಿದ್ದೆಲ್ಲ ನಿಂತುಹೋದ ಹೃದಯಗಳನ್ನೇ."