ಕಳಸಗಿತ್ತಿಯರ ಅಕ್ಕಯಮ್ಮ

ಮದುವೆಯಲ್ಲಿ ಎಲ್ಲರೂ ನೋಡುವುದು ಮದುವಣಗಿತ್ತಿಯನ್ನು ಎಂದು ಗಂಡಸರು ತಿಳಿದಿದ್ದಾರೆ. ಅದು ಅವರ ಬುದ್ಧಿ. ಹೆಂಗಸರ ಕಣ್ಣು ಕಳಸಗಿತ್ತಿಯ ಮೇಲಿರುತ್ತದೆ. ಮದುವಣಗಿತ್ತಿಯ ಮಾತು ಆಗಲೇ ಮುಗಿದು ಹೋಗಿದೆ, ಅವಳಿಗೆ ಮನೆ ಸಿಕ್ಕಿತು, ಗಂಡ ಸಿಕ್ಕಿದ. ಪಕ್ಕದಲ್ಲಿ ಕಳಸ ಹಿಡಿದು ನಡೆಯುವ ಹುಡುಗಿ ಯಾರ ಮಗಳು, ಜಡೆ ಅವಳದೇನಾ ಅಥವಾ ಚೌರಿಯಾ, ನಡಿಗೆ ಹೇಗಿದೆ, ಇವೆಲ್ಲ ಇನ್ನೂ ವಿಚಾರಿಸುವ ಸಂಗತಿಗಳು. ಒಂದು ಮದುವೆಯ ಚಪ್ಪರದ ಕೆಳಗೆ ಇನ್ನೊಂದು ಮದುವೆ ಹುಟ್ಟುವುದು ಹೀಗೆ.

ಹೊಸೂರಿನ ಹತ್ತಿರ, ಸಾನಮಾವು ಕಾಡಿನ ಅಂಚಿನಲ್ಲಿದ್ದ ಒಂದು ಊರಿನಲ್ಲಿ ಕಳಸಗಿತ್ತಿಯರನ್ನು ಸಿಂಗರಿಸುತ್ತಿದ್ದವಳು ಅಕ್ಕಯಮ್ಮ. ಮಹಾಯುದ್ಧದ ಕಾಲವದು. ಯುದ್ಧ ಮುಗಿದ ಮೇಲೂ ಬಟ್ಟೆಯ ರೇಷನ್ ಕಾರ್ಡು ಮುಗಿಯಲಿಲ್ಲ. ಹೊಸೂರಿಗೆ ಹೋಗಿ ಬಿಸಿಲಲ್ಲಿ ಸಾಲು ನಿಂತರೆ ಮನೆಗಿಷ್ಟು ಎಂದು ಒರಟು ಗಿರಣಿ ಬಟ್ಟೆ ಅಳೆದು ಕೊಡುತ್ತಿದ್ದರು. ಅದರ ಬಣ್ಣ ಬಿಳಿಯೂ ಅಲ್ಲ, ಬೂದಿಯೂ ಅಲ್ಲ. ಅದನ್ನು ಉಟ್ಟು ಕಳಸ ಹಿಡಿದರೆ ಹುಡುಗಿ ಹಿಟ್ಟಿನ ಮೂಟೆಯ ಹಾಗೆ ಕಾಣುತ್ತಿದ್ದಳು. ಆ ಬಟ್ಟೆಯನ್ನು ಅಕ್ಕಯಮ್ಮನ ಕೈಗೆ ಕೊಟ್ಟರೆ ಸಾಕು, ಮೂರನೆಯ ದಿನ ಅದು ಸೀರೆಯಾಗಿ ಬರುತ್ತಿತ್ತು. ಗಂಡನ ಮನೆ ಕೃಷ್ಣಗಿರಿಯ ಕಡೆ, ಪಕ್ಕದ ಬೀದಿಯಲ್ಲಿ ಬಣ್ಣ ಹಾಕುವವರಿದ್ದರು, ಅಲ್ಲಿ ಕಲಿತದ್ದು. ಗಂಡನ ಮನೆಯಿಂದ ಅವಳು ತಂದದ್ದು ಅದೊಂದೇ. ಹದಿನಾರಕ್ಕೇ ತಾಳಿ ಕಳೆದುಕೊಂಡು ತಂಗಿಯ ಮನೆಗೆ ಬಂದಳು. ಆ ತಂಗಿಯೂ ಹೆರಿಗೆಯಲ್ಲಿ ಹೋದ ಮೇಲೆ ಉಳಿದದ್ದು ತಂಗಿಯ ಮಗಳು ಕದಿರಮ್ಮ, ಅಂಗೈಯಗಲದ ಕೂಸು. ಆ ಕೂಸನ್ನು ಸಾಕಿದವಳು ಅಕ್ಕಯಮ್ಮನೇ.

ಸೀರೆಗೆ ಬಣ್ಣ, ಜಡೆಗೆ ಕುಚ್ಚು, ರವಿಕೆಯ ತೋಳಿಗೆ ಎಷ್ಟು ಉಬ್ಬು, ಹಣೆಗೆ ಎಷ್ಟಗಲ ಕುಂಕುಮ, ಎಲ್ಲ ಅವಳ ತೀರ್ಮಾನ. ಹೊಸೂರಿಗೆ ಡೇರೆ ಸಿನಿಮಾ ಬಂದ ವರ್ಷ ಹುಡುಗಿಯರೆಲ್ಲ ಹಣೆಯ ಮೇಲೆ ಸುರುಳಿ ಕೂದಲು ಬಿಡಬೇಕೆಂದು ಹಟ ಹಿಡಿದರು. ಅಕ್ಕಯಮ್ಮ ಒಂದು ಸಲ ನೋಡಿದಳು.

"ಏನೇ ಅದು, ಹಣೆ ಮ್ಯಾಲೆ ಕಂಬಳಿಹುಳ ಹರೀತಾ ಐತೆ? ಎತ್ತಿ ಬಾಚು" ಎಂದಳು. ಆ ಸುರುಳಿ ಆ ಊರಿನಲ್ಲಿ ಅವತ್ತಿಗೇ ಮುಗಿಯಿತು.

ಅವಳದು ಎರಡೇ ನೇಮ. ಹುಡುಗಿಯ ಮೈಮೇಲೆ ಒಂದೇ ಬೆಡಗು ಇರಬೇಕು, ನೋಡುವವರ ಕಣ್ಣಿಗೆ ಕೂರಲು ಒಂದು ಜಾಗ ಬೇಕು. ಮತ್ತೆ, ಕಳಸಗಿತ್ತಿ ಮದುವಣಗಿತ್ತಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು, ಎರಡು ಮೆಟ್ಟಿಲಲ್ಲ.

ಇಷ್ಟೆಲ್ಲ ಮಾಡುತ್ತಿದ್ದವಳು ಅವುಗಳಲ್ಲಿ ಒಂದು ಮದುವೆಯನ್ನೂ ಕಣ್ಣಾರೆ ನೋಡಿರಲಿಲ್ಲ. ಗಂಡ ಸತ್ತವಳಲ್ಲವೇ, ಚಪ್ಪರದ ಕೆಳಗೆ ಬರಬಾರದು. ಹಿತ್ತಿಲಿನಲ್ಲಿ ಕೂತು ಬಣ್ಣ ಹಾಕಬಹುದು, ಕುಚ್ಚು ಕಟ್ಟಬಹುದು. ಅವಳು ಕೊಟ್ಟ ಸೀರೆಯನ್ನು ಯಾರಾದರೂ ಮುತ್ತೈದೆ ಒಂದು ಸಲ ಮುಟ್ಟಿ, ಕುಂಕುಮ ಹಚ್ಚಿ, ಆಮೇಲೆ ಹುಡುಗಿಗೆ ಉಡಿಸುತ್ತಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಕ್ಕಯಮ್ಮನ ಕೈ ಬೇಕು, ಅಕ್ಕಯಮ್ಮ ಬೇಡ. ಅವಳು ಅದಕ್ಕೆ ಒಂದು ದಿನವೂ ಗೊಣಗಿದವಳಲ್ಲ, ಅವಳ ಬದಲು ಗೊಣಗಬೇಕಾದವರೂ ಸುಮ್ಮನಿದ್ದರು.

ಅವಳಿಗಿದ್ದ ಚಿಂತೆ ಒಂದೇ, ಕದಿರಮ್ಮನಿಗೊಂದು ಮನೆ. ಹುಡುಗಿ ಕಪ್ಪು, ತಾಯಿ ತಂದೆ ಇಲ್ಲದವಳು, ಸಾಕಿದವಳು ನೋಡಿದರೆ ಹೀಗೆ. ಎರಡು ಸಂಬಂಧ ಬಂದು, ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗಿತ್ತು. ಅಂಥ ಹೊತ್ತಿನಲ್ಲಿ ಊರ ಗೌಡರ ಹೆಂಡತಿ ರಾಮಕ್ಕ ಹಿತ್ತಿಲಿಗೆ ಬಂದು, ತನ್ನ ಮಗಳು ಗೋವಿಂದಮ್ಮನ ಮದುವೆಗೆ ಕದಿರಮ್ಮನೇ ಕಳಸ ಹಿಡಿಯಲಿ ಎಂದಳು. ಇಬ್ಬರು ಹುಡುಗಿಯರೂ ಚಿಕ್ಕಂದಿನಿಂದ ಒಂದೇ ಬಾವಿಯಲ್ಲಿ ನೀರು ಸೇದಿದವರು.

"ರಾಯಕೋಟೆಯಿಂದ ನಮ್ಮ ಬೀಗರ ಕಡೆಯೋರು ಲಕ್ಷ್ಮಿದೇವಮ್ಮ ಬತ್ತಾ ಅವ್ರೆ" ಎಂದು ರಾಮಕ್ಕ ದನಿ ತಗ್ಗಿಸಿದಳು. "ಮಗ ಅಶ್ವತ್ಥಪ್ಪಂಗೆ ಹೆಣ್ಣು ನೋಡ್ತಾ ಅವ್ರೆ. ಹುಡುಗೀನ ಚೆಂದಾಗಿ ಕಾಣ್ಸೋ ಅಂಗೆ ಮಾಡಕ್ಕ."

ಕಾರ್ಡಿನಲ್ಲಿ ಸಿಕ್ಕಿದ್ದು ಒಂದೇ ಸೀರೆಯ ಬಟ್ಟೆ, ಕೆಟ್ಟರೆ ಇನ್ನೊಂದಿಲ್ಲ. ಯಾವ ಬಣ್ಣ ಎಂದು ಅಕ್ಕಯಮ್ಮ ಎರಡು ದಿನ ಯೋಚಿಸಿ, ಕೊನೆಗೆ ಅರಿಶಿನ ತೇಯಲು ಕೂತಳು. ಪಕ್ಕದ ಮನೆಯ ಪಾಪಮ್ಮ ಗೋಡೆಯ ಮೇಲಿಂದ ಇಣುಕಿದಳು. ಈ ಪಾಪಮ್ಮ ಕೆಟ್ಟವಳಲ್ಲ, ಆದರೆ ಬಾಯಿಗೆ ಬೀಗವಿರಲಿಲ್ಲ.

"ಕರೀ ಹುಡುಗೀಗೆ ಹಳದಿಯಾ? ಒಪ್ಪಾಕಿಲ್ಲ ಬುಡು."

"ರಾಗಿ ಹೊಲದ ಪಕ್ಕದಾಗೆ ಹುಚ್ಚೆಳ್ಳು ಹೂ ಬುಟ್ಟಿರ್ತದಲ್ಲ, ನೋಡಿಲ್ವಾ ಪಾಪಮ್ಮ? ಕರೀ ಮಣ್ಣಾಗೇ ಅದು ಹಂಗೆ ಹೊಳೆಯಾದು."

ಮದುವೆಯ ಬೆಳಿಗ್ಗೆ ಕದಿರಮ್ಮನಿಗೆ ಬೇರೆ ಒಡವೆ ಇರಲಿಲ್ಲ. ದಟ್ಟ ಹಳದಿ ಸೀರೆ, ಕೆಂಪು ರವಿಕೆ, ಸೊಂಟದವರೆಗೆ ಜಡೆ, ಜಡೆಯಲ್ಲಿ ಕನಕಾಂಬರದ ಒಂದೇ ಎಳೆ. ಅಕ್ಕಯಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಅವಳನ್ನು ಒಂದು ಸುತ್ತು ತಿರುಗಿಸಿ ನೋಡಿದಳು.

"ಹೋಗವ್ವ. ನೆಲ ನೋಡ್ಕಂಡು ನಡೀಬೇಡ, ಕಳಸ ನೋಡ್ಕಂಡು ನಡಿ" ಎಂದಳು.

ಹುಡುಗಿ ಗೌಡರ ಮನೆಗೆ ಹೋದಳು, ಅಕ್ಕಯಮ್ಮ ಹಿಂದಿನ ದಾರಿಯಿಂದ ಆ ಮನೆಯ ಹಿತ್ತಿಲಿಗೆ ಹೋಗಿ ಕೂತಳು. ಮದುವೆ ಮನೆಯೆಂದರೆ ಸುಣ್ಣ ಬಳಿಯದೆ ಇರುತ್ತಾರೆಯೇ? ಕೂಲಿಯವರು ತಡಮಾಡಿ ಹಿಂದಿನ ಸಂಜೆ ಬಳಿದಿದ್ದ ಗೋಡೆ ಇನ್ನೂ ಹಸಿಯಾಗಿತ್ತು. ಪುರೋಹಿತರು ಬರುವುದು ತಡವಾಯಿತು, ಕಾದು ಕಾದು ಕಾಲು ಸೋತು ಕದಿರಮ್ಮ ಆ ಗೋಡೆಗೆ ಒರಗಿ ನಿಂತಳು. ವೈಶಾಖದ ಸೆಕೆ, ಬೆನ್ನೆಲ್ಲ ಬೆವರು. ಮುಹೂರ್ತಕ್ಕೆ ಕರೆದಾಗ ಕಳಸ ಎತ್ತಿಕೊಂಡು ಎರಡು ಹೆಜ್ಜೆ ನಡೆದಳು. ಹಿಂದೆ ನಿಂತ ಹೆಂಗಸರಲ್ಲಿ ಒಬ್ಬಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಹಳದಿ ಸೀರೆಯ ಹಿಂಭಾಗದಲ್ಲಿ, ಬೆನ್ನಿನಿಂದ ಸೊಂಟದ ಕೆಳಗಿನವರೆಗೆ, ರಕ್ತಗೆಂಪು ಕಲೆಗಳು.

"ಅಯ್ಯೋ ಶಿವನೆ! ಹುಡುಗಿ ಮುಟ್ಟಾಗವ್ಳೆ! ಕಳಸ ಮೈಲಿಗೆ ಆಗೋಯ್ತು!" ಎಂದು ಕೂಗಿದವಳು ಪಾಪಮ್ಮ.

ವಾದ್ಯ ನಿಂತಿತು. ಕದಿರಮ್ಮನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಕಳಸವನ್ನು ಕೆಳಗಿಡುವುದೋ ಹಿಡಿದಿರುವುದೋ ಗೊತ್ತಾಗದೆ, ಗಂಡಸರೆಲ್ಲ ನೋಡುತ್ತಿರುವಾಗ ಮರದ ಹಾಗೆ ನಿಂತಳು. ಯಾರೋ ಗೊಣಗಿದರು, ಮುಂಡೆ ಮುಟ್ಟಿದ ಸೀರೆ, ಇನ್ನೇನಾಗುತ್ತದೆ ಎಂದು. ರಾಯಕೋಟೆಯ ಲಕ್ಷ್ಮಿದೇವಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಳು.

ಕೂಗು ಹಿತ್ತಿಲಿಗೂ ಮುಟ್ಟಿತು. ಅಕ್ಕಯಮ್ಮ ಬಾಗಿಲ ಸಂದಿಯಿಂದ ನೋಡಿದಳು. ಮೊದಲು ಕಂಡದ್ದು ಹುಡುಗಿಯ ಕೈಯಲ್ಲಿದ್ದ ಕಳಸ, ಆಮೇಲೆ ಸೀರೆಯ ಕೆಂಪು, ಆಮೇಲೆ ಗೋಡೆ. ಅವಳು ಒಳಗೆ ನಿಂತೇ ಯಾರನ್ನಾದರೂ ಕರೆದು ಹೇಳಬಹುದಿತ್ತು. ಆದರೆ ಹೇಳಿ ಕಳಿಸಿದ ಮಾತು ಅಂಥ ಗದ್ದಲದಲ್ಲಿ ಎಲ್ಲಿ ಮುಟ್ಟುತ್ತದೆ? ಅವಳು ಸೆರಗು ಬಿಗಿದುಕೊಂಡು, ಅಷ್ಟು ವರ್ಷ ಕಾಲಿಡದ ಚಪ್ಪರದ ಕೆಳಕ್ಕೆ ನಡೆದುಬಂದಳು. ಜನ ಸರಿದು ದಾರಿ ಬಿಟ್ಟರು. ಮರ್ಯಾದೆಗಲ್ಲ, ಮೈ ತಾಗೀತೆಂದು.

ಆರತಿಯ ತಟ್ಟೆಯನ್ನು ಅವಳು ಮುಟ್ಟಲಿಲ್ಲ, ಬೆರಳು ಮಾಡಿ ತೋರಿಸಿದಳು. ಅದರ ತುಂಬ ಕೆಂಪು ನೀರಿತ್ತು.

"ಅದ್ರಾಗೆ ಏನು ಕಲ್ಸಿದ್ದೀಯಾ ರಾಮಕ್ಕ?"

ರಾಮಕ್ಕ ತಬ್ಬಿಬ್ಬಾದಳು. "ಅರಿಶ್ನ... ಸುಣ್ಣ."

"ಇವ್ಳ ಸೀರೇಲಿರಾದು ಅರಿಶ್ನ. ನಿಮ್ಮ ಗೋಡೇಲಿರಾದು ಸುಣ್ಣ. ಅಷ್ಟೇಯಾ." ಎನ್ನುತ್ತಲೇ ಅಕ್ಕಯಮ್ಮ ಪಾಪಮ್ಮನ ಸೊಂಟದ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ಕಿತ್ತುಕೊಂಡಳು. ಒಂದು ಬೆರಳಿನಷ್ಟು ತೆಗೆದು ಹುಡುಗಿಯ ಸೆರಗಿನ ತುದಿಗೆ ಒರೆಸಿ, ಸೆರಗನ್ನು ಎತ್ತಿ ಹಿಡಿದಳು. ಎಲ್ಲರ ಕಣ್ಣೆದುರೇ ಹಳದಿ ಕೆಂಪಾಯಿತು.

ಆ ಸಂಗತಿ ಅಲ್ಲಿದ್ದ ಯಾವ ಹೆಂಗಸಿಗೆ ಗೊತ್ತಿರಲಿಲ್ಲ? ಹುಟ್ಟಿದಾಗಿನಿಂದ ಆರತಿ ನೀರು ಕಲಸಿದವರೇ ಎಲ್ಲರೂ. ಆದರೆ ಒಂದು ಹುಡುಗಿಯ ಮೇಲೆ ತಪ್ಪು ಹೊರಿಸುವ ಹೊತ್ತಿಗೆ ಗೊತ್ತಿದ್ದದ್ದೂ ಮರೆತು ಹೋಗುತ್ತದೆ. ಪಾಪಮ್ಮ ತಲೆ ತಗ್ಗಿಸಿ ಡಬ್ಬಿ ವಾಪಸು ತೆಗೆದುಕೊಂಡಳು.

ಅಕ್ಕಯಮ್ಮ ಹುಡುಗಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. ಬಳಿದು ಮಿಕ್ಕಿದ್ದ ಸುಣ್ಣದ ತಿಳಿಯಲ್ಲಿ ಸೀರೆಯ ಅಂಚನ್ನು ಉದ್ದಕ್ಕೂ ಅದ್ದಿದಳು, ಸೆರಗನ್ನು ಗೇಣುದ್ದ ಮುಳುಗಿಸಿದಳು, ಬೆನ್ನಿನ ಕಲೆಗಳ ನಡುವೆ ಬೆರಳಿನಿಂದ ಬೊಟ್ಟಿಟ್ಟು ಸಾಲು ಮಾಡಿದಳು. ಬಿಸಿಲು ಎರಡು ಗಳಿಗೆಯಲ್ಲಿ ಒಣಗಿಸಿತು. ಕದಿರಮ್ಮ ಮತ್ತೆ ಚಪ್ಪರಕ್ಕೆ ಬಂದಾಗ ಅವಳು ಉಟ್ಟಿದ್ದು ಕೆಂಪಂಚಿನ ಹಳದಿ ಸೀರೆ, ಅಂಥದ್ದು ಹೊಸೂರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಈ ಸಲ ಅವಳು ಕಳಸವನ್ನೇ ನೋಡಿಕೊಂಡು ನಡೆದಳು.

ಊಟವಾದ ಮೇಲೆ ಲಕ್ಷ್ಮಿದೇವಮ್ಮ ಹಿತ್ತಿಲಿಗೆ ಬಂದಳು. ದಪ್ಪ ಮೈಯ, ನಿಧಾನ ಮಾತಿನ ಹೆಂಗಸು. ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ನಮ್ಮ ಹುಡುಗನ ಧಾರೆ ಆದಾಗ ಕಳಸಗಿತ್ತೇರಿಗೆಲ್ಲ ಇಂಥದ್ದೇ ಮಾಡಿಕೊಡ್ತೀಯಾ?"

ಸಂಬಂಧ ಕೇಳುವ ರೀತಿ ಅದು. ಆದರೂ ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲ.

"ಇದು ನಿಲ್ಲೋ ಬಣ್ಣ ಅಲ್ಲ ಕಣಮ್ಮ. ಸಂಜೇಗೆ ಕಂದ್ತದೆ, ಒಗುದ್ರೆ ಹೋಯ್ತದೆ. ಒಂದು ದಿನದ್ದು."

"ಮದುವೇನೂ ಒಂದು ದಿನದ್ದೇ ಅಲ್ವಾ" ಎಂದು ಲಕ್ಷ್ಮಿದೇವಮ್ಮ ನಕ್ಕಳು. "ಹುಡುಗಿ ನಿಂತ್ರೆ ಸಾಕು."

ಮುಂದಿನ ಮಾಘದಲ್ಲಿ ಲಗ್ನ ಇಟ್ಟರು. ಅಷ್ಟರೊಳಗೆ ಸುತ್ತಮುತ್ತಲ ಊರುಗಳಲ್ಲೆಲ್ಲ ಕಳಸಗಿತ್ತಿಯರಿಗೆ ಅಕ್ಕಯಮ್ಮನ ಅಂಚೇ ಬೇಕು ಎನ್ನುವಂತಾಯಿತು. ಪೆಟ್ಟಿಗೆಯಲ್ಲಿ ಪಟ್ಟೆಸೀರೆ ಇದ್ದವರೂ ಕಾರ್ಡಿನ ಬಟ್ಟೆ ತಂದು ಕೊಟ್ಟರು. ಆ ಕಾಲದ ಹೆಂಗಸರು ಮುದುಕಿಯರಾದ ಮೇಲೂ ಆ ಸೀರೆಗಳ ಮಾತು ಬಂದರೆ ಕಣ್ಣರಳಿಸುತ್ತಿದ್ದರು. ಅದೇನು ಕಾಲವೋ, ಉಡಲು ಬಟ್ಟೆಯಿರಲಿಲ್ಲ, ಉಟ್ಟದ್ದಕ್ಕೆ ಮೆರುಗಿತ್ತು.

ಕದಿರಮ್ಮನ ಮದುವೆಯ ದಿನ ಅಕ್ಕಯಮ್ಮ ಮತ್ತೆ ಹಿತ್ತಿಲಿನಲ್ಲೇ ಇದ್ದಳು. ಮಾನ ಹೋಗುವ ಹೊತ್ತಿನಲ್ಲಿ ಚಪ್ಪರಕ್ಕೆ ಬಂದದ್ದು ಬೇರೆ, ಮಗಳ ಮದುವೆಗೆ ಬರುವುದು ಬೇರೆ. ಯಾರೂ ಬರಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಹುಡುಗಿಗೆ ಏನಾದರೂ ಆದೀತೆಂಬ ಹೆದರಿಕೆ ಅವಳಿಗೂ ಇತ್ತು, ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಧಾರೆಯ ಸೀರೆಯನ್ನು ಅರಿಶಿನದಲ್ಲಿ ಅದ್ದಿದ್ದು ರಾಮಕ್ಕ. ಸಾವಿರ ಸೆರಗು ನೋಡಿದ ಅಕ್ಕಯಮ್ಮ ಆ ಒಂದು ಸೀರೆಯನ್ನು ಮಾತ್ರ ಮುಟ್ಟಲಿಲ್ಲ. ಬೆಳಗಿನಿಂದ ಸುಣ್ಣದ ಮಡಕೆಯ ಮುಂದೆ ಕೂತು ಕಳಸಗಿತ್ತಿಯರ ಅಂಚು ಅದ್ದಿ ಕೊಟ್ಟಳು. ಚಪ್ಪರದ ಕಡೆಯಿಂದ ಗಟ್ಟಿಮೇಳ ಕೇಳಿದಾಗ ಕೈ ಮಡಕೆಯಲ್ಲೇ ಇತ್ತು.

ಹೆಣ್ಣು ಕಳಿಸುವ ಹೊತ್ತಾದರೂ ಅವಳು ಆ ಮಡಕೆಯ ಮುಂದಿನಿಂದ ಎದ್ದಿರಲಿಲ್ಲ. ಬಂಡಿ ಕಟ್ಟಿದ್ದರು. ಮದುಮಗಳು ಎಲ್ಲರ ಕಾಲಿಗೂ ಬಿದ್ದು, ಬಂಡಿ ಹತ್ತುವ ಬದಲು ಹಿಂದಕ್ಕೆ ತಿರುಗಿದಳು. "ಎಲ್ಲಿಗೆ ಹೋಗ್ತೀಯೇ?" ಎಂದು ಪಾಪಮ್ಮ ಕೂಗುತ್ತಿದ್ದಂತೆಯೇ ಮನೆಯೊಳಗಿನಿಂದ ಹಾದು ಹಿತ್ತಿಲಿಗೆ ಓಡಿದಳು.

"ದೊಡ್ಡಮ್ಮ..."

ಅಕ್ಕಯಮ್ಮ ಎದ್ದು ಎರಡು ಹೆಜ್ಜೆ ಹಿಂದೆ ಸರಿದಳು. ಕೈಗಳನ್ನು ಮೇಲೆತ್ತಿ ಹಿಡಿದಳು. "ಮುಟ್ಟಬ್ಯಾಡ ಕಣವ್ವ. ಕೈಯೆಲ್ಲ ಸುಣ್ಣ ಐತೆ. ಧಾರೆ ಸೀರೆ..."

ಕದಿರಮ್ಮ ಕೇಳಲಿಲ್ಲ. ಬಂದು ಅವಳ ಎದೆಗೆ ಬಿದ್ದಳು. ಅಕ್ಕಯಮ್ಮನ ಕೈಗಳು ಸ್ವಲ್ಪ ಹೊತ್ತು ಗಾಳಿಯಲ್ಲೇ ಇದ್ದವು. ಆಮೇಲೆ, ಅಂಗೈಯಗಲದ ಕೂಸನ್ನು ಎತ್ತಿಕೊಂಡ ದಿನ ಇಳಿದ ಹಾಗೆಯೇ, ಇಳಿದು ಹುಡುಗಿಯ ಬೆನ್ನನ್ನು ತಬ್ಬಿದವು. ಇಬ್ಬರೂ ಅತ್ತರು.

ಹೊರಗೆ ಬಂದ ಮದುಮಗಳ ಬೆನ್ನನ್ನು ಜನರೆಲ್ಲ ನೋಡಿದರು. ಹಳದಿ ಧಾರೆ ಸೀರೆಯ ಮೇಲೆ ಎರಡು ಕೆಂಪು ಕೈಗಳು, ಐದೈದು ಬೆರಳೂ ಬಿಡಿಬಿಡಿಯಾಗಿ ಮೂಡಿದ್ದವು. ಈ ಸಲ ಅದು ಏನೆಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಯಾರ ಕೈ ಎಂಬುದೂ ಎಲ್ಲರಿಗೂ ಗೊತ್ತಿತ್ತು.

ಪಾಪಮ್ಮ ನಿಂಬೆಹಣ್ಣು ತರಲು ಓಡಿದಳು. "ಹುಳಿ ಹಿಂಡಿದ್ರೆ ಈಗ್ಲೇ ಹೋಗ್ಬುಡ್ತದೆ ತಾಳು, ಬೀಗಿತ್ತೀರು ನೋಡ್ತಾ ಅವ್ರೆ."

"ಬ್ಯಾಡ ಚಿಕ್ಕಮ್ಮ" ಎಂದಳು ಕದಿರಮ್ಮ. ಮದುಮಗಳು ಅಷ್ಟು ಜೋರಾಗಿ ಮಾತಾಡಿದ್ದು ಆ ಊರಿನಲ್ಲಿ ಅದೇ ಮೊದಲು. "ಸಂಜೇಗೆ ತಾನಾಗೇ ಹೋಯ್ತದೆ. ಅಲ್ಲೀಗಂಟಾದ್ರೂ ಇರ್ಲಿ."

ಲಕ್ಷ್ಮಿದೇವಮ್ಮ ಮುಂದೆ ಬಂದಳು. ಸೊಸೆಯ ಬೆನ್ನಿನ ಮೇಲಿಂದ ಇಳಿದಿದ್ದ ಸೆರಗನ್ನು ತಾನೇ ಎತ್ತಿ ಪಕ್ಕಕ್ಕೆ ಸರಿಸಿದಳು, ಆ ಗುರುತು ಮುಚ್ಚದ ಹಾಗೆ. ಆಮೇಲೆ ಕೈ ಹಿಡಿದು ಬಂಡಿ ಹತ್ತಿಸಿದಳು.

ಬಂಡಿ ರಾಯಕೋಟೆಯ ದಾರಿ ಹಿಡಿಯಿತು. ಅಕ್ಕಯಮ್ಮ ಹಿತ್ತಿಲ ಬೇಲಿಯ ಪಕ್ಕದಲ್ಲಿ ನಿಂತು ನೋಡಿದಳು. ಕದಿರಮ್ಮ ಊರಿಗೆ ಬೆನ್ನು ಮಾಡಿ ಕೂತಿದ್ದಳು. ಹುಣಸೆಮರದ ತಿರುವು ಬರುವವರೆಗೂ ಅಕ್ಕಯಮ್ಮನ ಎರಡು ಕೈಗಳೂ ಅವಳ ಬೆನ್ನ ಮೇಲೇ ಇದ್ದವು.