ಒಗ್ಗರಣೆ ಇಲ್ಲದ ಓಟ್ಸು

ಬೇರೆಯವರ ಅಡಿಗೆಯನ್ನು ಗೌರಾಬಾಯಿ ಹೊಗಳಿದ್ದನ್ನು ಕೇಳಿದವರು ಊರಿನಲ್ಲಿ ಯಾರೂ ಇರಲಿಲ್ಲ. ಮದುವೆಮನೆಯಲ್ಲಿ ಪಂಕ್ತಿಗೆ ಕೂತರೆ ಮೊದಲ ತುತ್ತಿಗೇ ಮೂಗು ಮುರಿಯುತ್ತಿದ್ದಳು. ಅವಳ ಪ್ರಕಾರ ಚಿಕ್ಕೋಡಿಯವರ ಸಾರೆಂದರೆ ಕೈತೊಳೆದ ನೀರು. ನಿಪ್ಪಾಣಿಯವರು ಪಲ್ಯ ಮಾಡಿದರೂ ತಂಬಾಕಿನ ಘಾಟು ಹೊಡೆಯುತ್ತದೆ. ಅಥಣಿಯವರಿಗೆ ಬೆಲ್ಲ ಸುರಿಯುವುದೊಂದು ಗೊತ್ತು, ರಾಯಬಾಗದವರಿಗೆ ಅದೂ ಗೊತ್ತಿಲ್ಲ. ಹೀಗೆ ಹೇಳುತ್ತಲೇ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದಳು, ಆ ಮಾತು ಬೇರೆ.

ಕಾಗವಾಡದ ಸೀಮೆಯಲ್ಲಿ ಅವಳ ಗಂಡ ಬಾಬಾಸಾಹೇಬನಿಗೆ ಕಬ್ಬಿನ ಹೊಲವಿತ್ತು, ದ್ರಾಕ್ಷಿ ತೋಟವಿತ್ತು, ಮನೆಯಲ್ಲಿ ತುಪ್ಪಕ್ಕೆ ಬರವಿರಲಿಲ್ಲ. ಗೌರಾಬಾಯಿಯ ಒಲೆಯ ಮೇಲೆ ಏನೇ ಬೇಯಲಿ, ಕೊನೆಗೆ ಒಂದು ಒಗ್ಗರಣೆ ಚುರ್ ಅನ್ನಲೇಬೇಕು. ಸಾರಿಗೆ ಒಗ್ಗರಣೆ, ಮೊಸರಿಗೆ ಒಗ್ಗರಣೆ, ನಿನ್ನೆಯ ಬೇಳೆಯನ್ನು ಬಿಸಿ ಮಾಡಿದರೆ ಅದಕ್ಕೂ ಹೊಸ ಒಗ್ಗರಣೆ. ಆ ಸದ್ದು ಪಕ್ಕದ ಮನೆಯ ಅಕ್ಕುತಾಯಿಗೆ ಕೇಳಿಸಿದರೆ ಮಾತ್ರ ಅವಳಿಗೆ ಸಮಾಧಾನ.

ಇದಕ್ಕೊಂದು ಕಾರಣವಿತ್ತು. ಗೌರಾಬಾಯಿ ಕರೋಶಿಯ ಹೆಣ್ಣುಮಗಳು. ತವರಿನಲ್ಲಿ ತುಂಡು ಹೊಲದ ಒಣಬೇಸಾಯ, ಎಣ್ಣೆ ಮುಖ ತೋರಿಸುತ್ತಿದ್ದುದು ಹಬ್ಬಕ್ಕೆ. ಉಳಿದ ದಿನ ಜೋಳದ ನುಚ್ಚು ಬೇಯಿಸಿ, ಮಜ್ಜಿಗೆ ಹೊಯ್ದು, ಹಸಿಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ ಕುಟ್ಟಿ ಕಲಸಿದರೆ ಅದೇ ಊಟ. ಮದುವೆಯಾಗಿ ಬಂದು ಮೊದಲ ಸಲ ಒಲೆಯ ಮುಂದೆ ಕೂತಾಗ ಅವಳು ತನಗೆ ಬರುವುದನ್ನೇ ಮಾಡಿದಳು. ಅತ್ತೆ ತಾಟಿನಲ್ಲಿ ಕೈಯಾಡಿಸಿ ಎಲ್ಲರಿಗೂ ಕೇಳುವಂತೆ, "ಯಾಕವ್ವಾ, ನಿಮ್ಮ ಮನ್ಯಾಗ ದಿನಾ ಸೂತಕ ಇರತೈತೇನ?" ಅಂದಳು. ಯಾರಾದರೂ ಸತ್ತ ಮನೆಯಲ್ಲಿ ಸೂತಕ ಕಳೆಯುವವರೆಗೆ ಒಗ್ಗರಣೆ ಹಾಕುವುದಿಲ್ಲ. ಊಟಕ್ಕೆ ಕೂತ ಗಂಡಸರೆಲ್ಲ ನಕ್ಕರು. ಹೊಸ ಗಂಡನೂ ನಕ್ಕ. ಅತ್ತೆ ತೀರಿಕೊಂಡು ವರ್ಷಗಳಾದವು, ಗೌರಾಬಾಯಿ ಅವಳನ್ನು ಕ್ಷಮಿಸಿದ್ದಳೋ ಏನೋ. ನಕ್ಕ ಗಂಡನನ್ನು ಮಾತ್ರ ಕ್ಷಮಿಸಿರಲಿಲ್ಲ.

ಆ ಮಾತು ಹೇಗೋ ಕರೋಶಿಗೂ ಮುಟ್ಟಿತು. ಅಲ್ಲಿಂದ ಮುಂದೆ ತಾಯಿ ಚನ್ನವ್ವ ಮಗಳ ಮನೆಗೆ ಬಂದಾಗಲೆಲ್ಲ ಸೀರೆಯ ಗಂಟಿನೊಳಗೆ ಕುಸುಬಿ ಎಣ್ಣೆಯ ಸಣ್ಣ ಬಾಟಲಿಯೊಂದನ್ನು ಬಚ್ಚಿಟ್ಟು ತರುತ್ತಿದ್ದಳು. ತುಪ್ಪದ ಗಡಿಗೆಗಳಿರುವ ಮನೆಗೆ ಬಾಟಲಿ ಎಣ್ಣೆ! ಗೌರಾಬಾಯಿಗೆ ಮೈಯೆಲ್ಲ ಉರಿಯುತ್ತಿತ್ತು. ತಾಯಿ ಅತ್ತ ಹೋದ ಕೂಡಲೇ ಅದನ್ನು ಎತ್ತಿನ ಕೋಡಿಗೆ ಸವರಲು ಆಳಿನ ಕೈಗೆ ಕೊಟ್ಟುಬಿಡುತ್ತಿದ್ದಳು. ಮುಂದಿನ ಸಲ ಚನ್ನವ್ವ ಬಂದಾಗ ಕೊಟ್ಟಿಗೆಯಲ್ಲಿ ಎತ್ತುಗಳ ಕೋಡುಗಳು ಮಿಂಚುತ್ತಿರುತ್ತಿದ್ದವು. ಮುದುಕಿ ಅದನ್ನು ನೋಡಿಯೂ ಗಂಟಿನಿಂದ ಇನ್ನೊಂದು ಬಾಟಲಿ ತೆಗೆಯುತ್ತಿದ್ದಳು.

ಇಷ್ಟು ತುಪ್ಪ ಉಂಡ ಬಾಬಾಸಾಹೇಬ ಹೇಗಾದ ಎಂದು ಬೇರೆ ಹೇಳಬೇಕಾಗಿಲ್ಲ. ಅವನು ತೋಟಕ್ಕೆ ಹೊರಟರೆ ಹೊಟ್ಟೆ ಮೊದಲು ಹೋಗುತ್ತಿತ್ತು, ಹಿಂದಿನಿಂದ ಅವನು. ತೊಂಬತ್ತೆರಡರ ಬೇಸಿಗೆಯಲ್ಲಿ ಬಾವಿಯ ಮೋಟಾರು ಕೆಟ್ಟಿತು. ಆಳುಗಳು ಅದನ್ನು ಮೇಲೆತ್ತುತ್ತಿದ್ದಾಗ ಈ ಮಹಾಶಯ ಗತ್ತು ತೋರಿಸಲು ಹೋಗಿ, "ಸರೀರ್ಲೇ, ಇಷ್ಟ ಬರೂದಿಲ್ಲ ನಿಮಗ" ಎಂದು ಹಗ್ಗಕ್ಕೆ ಕೈಹಾಕಿದ. ಮೋಟಾರು ಬಂತು. ಜೊತೆಗೆ ಕಿಬ್ಬೊಟ್ಟೆಯಲ್ಲಿ ಒಂದು ಗಂಟೂ ಬಂತು.

ಮಿರಜಿನ ಡಾಕ್ಟರು ಮರಾಠಿಯವರು, ಗಡಿಯ ರೋಗಿಗಳನ್ನು ನೋಡಿ ನೋಡಿ ಕನ್ನಡ ಕಲಿತಿದ್ದರು. "ಹರ್ನಿಯಾ. ಆಪರೇಷನ್ ಆಗಾಕಬೇಕು. ಕರುಳು ಅದರಾಗ ಸಿಕ್ಕೊಂಡ್ರ ಜೀವಕ್ಕ ಧೋಕಾ ಐತಿ. ಆದ್ರ ಈ ಮೈಗೆ, ಈ ಬಿಪಿಗೆ ನಾ ಎಚ್ಚರ ತಪ್ಪಿಸೂ ಭೂಲ್ ಕೊಡೂದಿಲ್ಲ. ಕೊಟ್ರ ಮತ್ತ ಎಚ್ಚರ ಆಗ್ತೀರಂತ ಖಾತ್ರಿ ಇಲ್ಲ. ಮೊದಲ ತೂಕ ಇಳಸ್ಕೊಂಡ ಬರ್ರಿ," ಅಂದರು. ತುಪ್ಪ ಬಿಡಿ, ಸಿಹಿ ಬಿಡಿ, ಕರಿದದ್ದು ಬಿಡಿ, ಓಟ್ಸ್ ತಿನ್ನಿ ಎಂದು ಹೇಳಿ ಕಳಿಸಿದರು.

ಓಟ್ಸ್ ತಂದವನು ಮೈದುನ ಕಾಕಾಸಾಹೇಬ. ಪುಣೆಯಲ್ಲಿ ಕಂಪನಿ ನೌಕರಿ, ಎರಡು ವರ್ಷದಿಂದ ತಲೆಗೆ ಫಿಟ್‌ನೆಸ್ಸಿನ ಗಾಳಿ ಹೊಕ್ಕಿತ್ತು. ಊರಿಗೆ ಬಂದಾಗ ಬಿಳಿ ಚಡ್ಡಿ ಹಾಕಿಕೊಂಡು ಹೊಲದ ಬದುಗಳ ಮೇಲೆ ಓಡುತ್ತಿದ್ದ. ಬೆಳಗಿನ ಹೊತ್ತು ಗಂಡಸೊಬ್ಬ ಸುಮ್ಮಸುಮ್ಮನೆ ಓಡುವುದನ್ನು ಕಂಡಿರದ ಊರ ನಾಯಿಗಳು ಅವನ ಬೆನ್ನು ಹತ್ತುತ್ತಿದ್ದವು. ಅವನು ತಂದ ತಗಡಿನ ಡಬ್ಬಿಯನ್ನು ತೆರೆದು ಗೌರಾಬಾಯಿ ಒಂದು ಹಿಡಿ ಅಂಗೈಯಲ್ಲಿ ಹರವಿ ನೋಡಿದಳು.

"ಇದನ್ನ ಯಾರ ಅಗದ ಉಗಳ್ಯಾರ?"

"ವೈನಿ, ಮಶೀನ್ದಾಗ ಒತ್ತಿರ್ತಾರ್ರಿ. ನೀರಾಗ ಕುದಿಸಿ ಹಂಗ ಕೊಡ್ರಿ. ಎಣ್ಣಿ ಬ್ಯಾಡ, ತುಪ್ಪ ಬ್ಯಾಡ, ಒಗ್ಗರಣಿ ಅಂತೂ ಬ್ಯಾಡs ಬ್ಯಾಡ. ಪುಣೆದಾಗ ದೊಡ್ಡ ದೊಡ್ಡ ಮಂದಿ ಮುಂಜಾನೆ ಇದನ್ನ ತಿಂತಾರ."

"ಪಾಪ, ಅವರಿಗೆ ಹೆಂಡ್ರಿಲ್ಲೇನ?"

ಮೊದಲ ದಿನ ಅವನು ಹೇಳಿದಂತೆಯೇ ಕುದಿಸಿದಳು. ಗೋಡೆಗೆ ಚುನಾವಣೆಯ ಕಾಗದ ಅಂಟಿಸಲು ಹುಡುಗರು ಕಾಯಿಸುವ ಖಳಿ ಹೇಗಿರುತ್ತದೋ ಹಾಗಾಯಿತು. ಬಾಬಾಸಾಹೇಬ ಕಣ್ಣು ಮುಚ್ಚಿ ನುಂಗಿದ. ಅಷ್ಟರಲ್ಲಿ ಗೋಡೆಯಾಚೆಯಿಂದ ಅಕ್ಕುತಾಯಿ ಕತ್ತು ಚಾಚಿದಳು.

"ಏನ್ರಿ ಗೌರಾಬಾಯಿ, ಇವತ್ತ ಒಗ್ಗರಣಿ ಸಪ್ಪಳನ ಇಲ್ಲ? ಕರೋಶಿ ಕಡಿಂದ ಏನರ ಕೆಟ್ಟ ಸುದ್ದಿ ಬಂತೇನ್ರಿ?"

ಗೌರಾಬಾಯಿಯ ಮುಖ ಕೆಂಪಗಾಯಿತು. ಅದೇ ಮಾತು, ಅದೇ ಕರೋಶಿ. ಬದುಕಿರುವ ಗಂಡನ ಮುಂದೆ ಸೂತಕದ ತಾಟು ಇಡುವಷ್ಟು ಗತಿಗೆಟ್ಟವಳಲ್ಲ ತಾನು ಅಂದುಕೊಂಡಳು. ಮರುದಿನ ತುಪ್ಪದಲ್ಲಿ ಸಾಸಿವೆ, ಕರಿಬೇವು, ಇಂಗು ಚಟಪಟ ಅನ್ನಿಸಿ, ಶೇಂಗಾ ಕರಿದು ಹಾಕಿ ಓಟ್ಸಿನ ಉಪ್ಪಿಟ್ಟು ಮಾಡಿದಳು. ಡಾಕ್ಟರು ಓಟ್ಸ್ ಅಂದಿದ್ದರು, ಇದು ಓಟ್ಸೇ. ಮತ್ತೇನು ಬೇಕು?

ಒಮ್ಮೆ ದಾರಿ ಸಿಕ್ಕ ಮೇಲೆ ಅವಳ ಕೈ ನಿಲ್ಲಲಿಲ್ಲ. ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಹಂಚಿನ ಮೇಲೆ ಬೆಣ್ಣೆ ಬಿಟ್ಟು ಓಟ್ಸಿನ ಥಾಲಿಪೆಟ್ಟು ತಟ್ಟಿದಳು. ಬೆಲ್ಲ, ಗಸಗಸೆ, ಒಣಕೊಬ್ಬರಿ ಸೇರಿಸಿ ಗೋಧಿ ಹುಗ್ಗಿಯಂತೆ ಓಟ್ಸಿನ ಹುಗ್ಗಿ ಮಾಡಿ ನಡುವೆ ಗುಳಿ ತೋಡಿ ತುಪ್ಪ ಸುರಿದಳು. ನಾಗರಪಂಚಮಿಗೆ ಅಂಟು, ಉತ್ತತ್ತಿ ಹಾಕಿ ಓಟ್ಸಿನ ಉಂಡಿ ಕಟ್ಟಿದಳು. ರಜೆಗೆ ಬಂದ ಕಾಕಾಸಾಹೇಬ ನಾಲ್ಕು ಉಂಡಿ ತಿಂದು, "ಪುಣೆದಾಗಿನವರಿಗೆ ಓಟ್ಸ್ ಮಾಡಾಕs ಬರೂದಿಲ್ಲ ಬಿಡ್ರಿ ವೈನಿ" ಎಂದು ಓಡಲು ಹೋದ, ಪಕ್ಕೆ ಹಿಡಿದುಕೊಂಡು ವಾಪಸು ಬಂದ. ಒಳಗೆ ಏನೇನು ಬಿದ್ದಿದೆ ಎಂದು ಆ ಜಾಣನಿಗೆ ಹೊಳೆಯಲಿಲ್ಲ.

ಬಾಬಾಸಾಹೇಬನಿಗಂತೂ ಹೊಳೆಯುವ ಮಾತೇ ಇರಲಿಲ್ಲ. ಒಲೆಯ ಮೇಲೆ ಏನಾಗುತ್ತದೆ ಎಂದು ಹುಟ್ಟಿದಾಗಿನಿಂದ ನೋಡದ ಮನುಷ್ಯ. ತಾಟಿಗೆ ಬಂದದ್ದು ಓಟ್ಸ್ ಎಂದು ಹೆಂಡತಿ ಹೇಳಿದಳು, ಅವನು ನಂಬಿದ. ಸೊಸೈಟಿ ಕಟ್ಟೆಯ ಮೇಲೆ ಕೂತು, "ನಾವ್ ಈಗ ಡಾಯೆಟ್ ಮ್ಯಾಲ ಅದೀವಿ" ಎಂದು ಮೀಸೆ ತೀಡಿದ. ಆದರೆ ಒಂದು ಮಾತು ಒಪ್ಪಬೇಕು. ಅವನು ಚಹಾಕ್ಕೆ ಸಕ್ಕರೆ ಬಿಟ್ಟ. ಬಸ್‌ಸ್ಟ್ಯಾಂಡಿನ ಬಜಿ ಬಿಟ್ಟ. ಸಂಜೆ ಹೊಟ್ಟೆಗೆ ಹರ್ನಿಯಾದ ಪಟ್ಟಿ ಬಿಗಿದುಕೊಂಡು, ಗಂಟಿನ ಮೇಲೆ ಕೈಯಿಟ್ಟು, ತೋಟದ ತುದಿಯವರೆಗೆ ಮುಕ್ಕರಿಯುತ್ತ ನಡೆದು ಬರುತ್ತಿದ್ದ. ಗೌರಾಬಾಯಿ ಬಾಗಿಲಲ್ಲಿ ನಿಂತು ನೋಡಿ, "ಆನಿ ದಿಂಡಿ ಯಾತ್ರಿಗೆ ಹೊಂಟೈತಿ" ಎಂದು ನಗುತ್ತಿದ್ದಳು.

ದಸರೆ ಕಳೆದ ಮೇಲೆ ಇಬ್ಬರೂ ಮಿರಜಿಗೆ ಹೋದರು. ಬಾಬಾಸಾಹೇಬ ಇಸ್ತ್ರಿ ಮಾಡಿದ ಧೋತರ ಉಟ್ಟು, ಬಹುಮಾನ ತಗೊಳ್ಳಲು ಹೊರಟವನಂತೆ ತೂಕದ ಯಂತ್ರದ ಮೇಲೆ ನಿಂತ. ಮುಳ್ಳು ಹಿಂದಿನ ಸಲದ ಗುರುತು ದಾಟಿ ಮುಂದೆ ಹೋಗಿ ನಿಂತಿತು. ಡಾಕ್ಟರು ಎರಡು ಸಲ ನೋಡಿದರು.

"ಏನ್ ತಿಂತೀರಿ?"

"ಓಟ್ಸ್ ರಿ. ಮುಂಜಾನಿ, ಸಂಜೀಕ, ಅದs."

"ಸುಳ್ಳ ಹೇಳಬ್ಯಾಡ್ರಿ. ನಿಮ್ಮಂಥ ತ್ವಾಟದ ಬಾಗಾಯತದಾರರನ್ನ ಭಾಳ ನೋಡೀನಿ. ಇಲ್ಲಿ ಹೂಂ ಅಂತೀರಿ, ಹೊರಗ ಹೋಗಿ ಹೋಟ್ಲಾಗ ಕುಂದರ್ತೀರಿ."

"ನಮ್ಮ ದೇವರಾಣಿಗೂ ಮುಟ್ಟಿಲ್ರಿ ಸಾಹೇಬ್ರ."

"ಸುಳ್ಳ ಹೇಳೋ ಪೇಶಂಟಿಗೆ ನಾ ಚಾಕು ಹಚ್ಚೂದಿಲ್ಲ. ಬ್ಯಾರೆ ಕಡೆ ನೋಡ್ಕೋರಿ."

ಬಾಬಾಸಾಹೇಬ ಯಾರ ಮಾತೂ ಕೇಳಿಸಿಕೊಂಡು ಗೊತ್ತಿಲ್ಲದವನು. ಅಂಥವನು ಕಾಂಪೌಂಡರನ ಎದುರು, ಬಾಗಿಲಲ್ಲಿ ಕಾಯುತ್ತಿದ್ದ ರೋಗಿಗಳ ಎದುರು ಎರಡೂ ಕೈ ಜೋಡಿಸಿದ. "ನಾ ಖರೇನ ತಿಂದಿಲ್ರಿ," ಎಂದ. ಬಾಗಿಲಲ್ಲಿದ್ದ ಯಾರೋ ಕಿಸಕ್ಕೆಂದು ನಕ್ಕರು.

ಆ ನಗು ಗೌರಾಬಾಯಿಗೆ ಚುಚ್ಚಿತು. ಅಂದು ಅತ್ತೆಯ ಮಾತಿಗೆ ಊಟಕ್ಕೆ ಕೂತವರು ನಕ್ಕ ನಗುವೂ ಹೀಗೇ ಇತ್ತು. ಗಂಡ ಡೌಲಿನವನು, ಮಬ್ಬ, ಹೊಟ್ಟೆಬಾಕ. ಅದನ್ನೆಲ್ಲ ಅವಳು ಮೂವತ್ತು ವರ್ಷದಿಂದ ಅವನ ಮುಖಕ್ಕೇ ಹೇಳುತ್ತ ಬಂದಿದ್ದಳು. ಸುಳ್ಳ ಎಂದು ಮಾತ್ರ ಒಂದು ಸಲವೂ ಹೇಳಿರಲಿಲ್ಲ, ಯಾಕೆಂದರೆ ಅವನು ಸುಳ್ಳನಾಗಿರಲಿಲ್ಲ.

"ಅವರನ್ನ ಬೈಬ್ಯಾಡ್ರಿ," ಎಂದಳು. "ತುಪ್ಪ ಹಾಕಿದಾಕಿ ನಾ. ಬೆಲ್ಲ ಹಾಕಿದಾಕಿ ನಾ. ಅವರಿಗೆ ಏನೂ ಗೊತ್ತಿಲ್ಲ."

ಉಪ್ಪಿಟ್ಟಿನಿಂದ ಹಿಡಿದು ಉಂಡಿಯವರೆಗೆ ಎಲ್ಲವನ್ನೂ ಹೇಳಿದಳು, ಒಗ್ಗರಣೆಯ ಮಾತನ್ನೂ ಸೂತಕದ ಮಾತನ್ನೂ ಹೇಳಿದಳು. ಡಾಕ್ಟರು ಬೈಯುತ್ತಾರೆ ಅಂದುಕೊಂಡಿದ್ದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಾಯಿ, ಇನ್ನೂ ಎರಡ ತಿಂಗಳ ಹಿಂಗ ಉಣಸ್ರಿ. ಆಮ್ಯಾಲ ನಿಮ್ಮ ಮನ್ಯಾಗ ಖರೇನ ಒಗ್ಗರಣಿ ನಿಂದರತೈತಿ," ಎಂದು ತಣ್ಣಗೆ ಹೇಳಿದರು.

ಬಸ್ಸಿನಲ್ಲಿ ಬಾಬಾಸಾಹೇಬ ಕಿಟಕಿಯ ಕಡೆ ಮುಖ ಮಾಡಿ ಕೂತ. ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಅವನು ಬೈಯಲಿಲ್ಲ. ಊರು ಬರುವ ಹೊತ್ತಿಗೆ, "ನಾ ದಿನಾ ನಡದಿದ್ದೆಲ್ಲಾ ಹಾಳಾತಲ್ಲ ಗೌರಾ," ಎಂದಷ್ಟೇ ಅಂದ.

ಮರುದಿನ ಅವಳು ಓಟ್ಸನ್ನು ನೀರಿನಲ್ಲಿ ಬೇಯಿಸಿ ಆರಲು ಬಿಟ್ಟಳು. ನೀರುಮಜ್ಜಿಗೆ ಹೊಯ್ದಳು. ಹಸಿಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿಯನ್ನು ಕಲ್ಲಿನಲ್ಲಿ ಕುಟ್ಟಿ, ಚಿಟಿಕೆ ಉಪ್ಪಿನ ಜೊತೆ ಕಲಸಿ, ಕೊತ್ತಂಬರಿ ಮುರಿದು ಹಾಕಿದಳು. ಈ ಮನೆಯಲ್ಲಿ ಇನ್ನು ಮಾಡುವುದಿಲ್ಲ ಎಂದು ಎಂದೋ ಆಣೆ ಹಾಕಿದ್ದ ಅಡಿಗೆ. ಕೈ ಮರೆತಿರಲಿಲ್ಲ. ತಾಟನ್ನು ಗಂಡನ ಮುಂದೆ ಕುಕ್ಕಿದಳು.

"ಕರೋಶಿ ಅಡಗಿ ಇದು. ಅವತ್ತ ನಕ್ಕಿದ್ರಲ್ಲ, ಈಗ ನಗ್ರಿ."

ಬಾಬಾಸಾಹೇಬ ನಗಲಿಲ್ಲ. ಪೂರ್ತಿ ಉಂಡು, ತಾಟಿನ ಅಂಚನ್ನು ಬೆರಳಿನಿಂದ ಬಳಿದು, ಇನ್ನಷ್ಟು ಕೇಳಿದ. "ಇಲ್ಲ. ಏಳ್ರಿ," ಅಂದಳು. ಗೋಡೆಯಾಚೆ ಅಕ್ಕುತಾಯಿ ಕತ್ತು ಚಾಚುವ ಮೊದಲೇ ಇವಳೇ ಕೂಗಿದಳು. "ಯಾರೂ ಸತ್ತಿಲ್ಲವ್ವಾ ಅಕ್ಕುತಾಯಿ! ಸಾಯಬಾರದಂತ ಒಗ್ಗರಣಿ ಬಿಟ್ಟೀನಿ!"

ಚಳಿಗಾಲ ಮುಗಿಯುವ ಹೊತ್ತಿಗೆ ಬಾಬಾಸಾಹೇಬನ ಹೊಟ್ಟೆ ಕರಗಿ ಧೋತರ ಸಡಿಲಾಗಿತ್ತು. ಡಾಕ್ಟರು ಮುಳ್ಳು ನೋಡಿ ತಲೆದೂಗಿದರು, ಆಪರೇಷನ್ ಆಯಿತು, ಬಾಬಾಸಾಹೇಬ ಎಚ್ಚರಾಗಿ ಮೊದಲು ಮಜ್ಜಿಗೆ ಓಟ್ಸ್ ಕೇಳಿದ. ನಾಚಿಕೆಗೆಟ್ಟವನು ಎಂದು ಗೌರಾಬಾಯಿ ಎಲ್ಲರ ಮುಂದೆ ಬೈದಳು.

ಅಳಿಯನನ್ನು ನೋಡಲು ಕರೋಶಿಯಿಂದ ಚನ್ನವ್ವ ಬಂದಳು. ಬೆನ್ನು ಬಾಗಿತ್ತು, ಕಣ್ಣು ಮಂಜಾಗಿತ್ತು. ಅಡಿಗೆಮನೆಯ ಮೂಲೆಯಲ್ಲಿ ಕೂತು ಮಗಳು ಓಟ್ಸಿಗೆ ಮಜ್ಜಿಗೆ ಹೊಯ್ಯುವುದನ್ನು, ಖಾರ ಕುಟ್ಟುವುದನ್ನು ನೋಡಿದಳು. ಒಗ್ಗರಣೆಯ ಸೌಟು ಗೂಟದ ಮೇಲೆಯೇ ಇತ್ತು. ಮುದುಕಿ ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಗಂಟು ಬಿಚ್ಚಿದಳು.

"ಗೌರಾ," ಎಂದಳು ಸಣ್ಣ ದನಿಯಲ್ಲಿ. "ಎಣ್ಣಿ ತೀರೈತೇನ? ತಗೋ, ಇದನ್ನ ಹಾಕು. ಮತ್ತ ಯಾರರ ನಕ್ಕಾರು."

ಅದೇ ಸಣ್ಣ ಬಾಟಲಿ. ಗೌರಾಬಾಯಿ ಕೈ ಚಾಚಿದಳು. ಎಣ್ಣೆ ತೀರಿಲ್ಲ ಎಂದು ಹೇಳಲಿಲ್ಲ. ಬಾಟಲಿ ತಗೊಂಡು, ಗಂಡನ ತಾಟನ್ನು ಬೇರೆ ಎತ್ತಿಟ್ಟು, ಒಲೆಯ ಮೇಲೆ ಸೌಟು ಇಟ್ಟು ಆ ಕುಸುಬಿ ಎಣ್ಣೆ ಸುರಿದಳು. ಸಾಸಿವೆ ಸಿಡಿಯಿತು, ಮನೆಯೆಲ್ಲ ಚುರ್ ಅಂದಿತು. ಆ ಒಗ್ಗರಣೆಯನ್ನು ತಾಯಿಯ ತಾಟಿಗೆ ಹಾಕಿ ಕೊಟ್ಟು, ತಾನು ಬರಿದನ್ನೇ ಬಡಿಸಿಕೊಂಡು ಪಕ್ಕದಲ್ಲಿ ಕೂತಳು.

ಚನ್ನವ್ವ ಒಂದು ತುತ್ತು ಬಾಯಿಗಿಟ್ಟು ಮೂಗು ಮುರಿದಳು. "ಸಾಸಿವಿ ಹೊತ್ತಾವು," ಎಂದಳು.

ಹೊತ್ತಿದ್ದವು. ಗೌರಾಬಾಯಿ ಒಲೆಗೆ ಬೆನ್ನು ಮಾಡಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಹೊತ್ತಿದ್ದವು.