ಒದ್ದೆ ಕಾಲುಚೀಲಕ್ಕೆ ಒಂದು ಚಲೋ ಮಾತು

ಹೊಗಳುವುದು ನನಗೆ ಬರುವುದಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ, ಹಾಗೆ. ಪಕ್ಕದ ಮನೆಯ ಕಸ್ತೂರಿ ಹೊಸ ಸೀರೆ ಉಟ್ಟು ಬಂದು ಎದುರಿಗೆ ನಿಂತರೆ ನನ್ನ ಕಣ್ಣು ಮೊದಲು ಹೋಗುವುದು ಫಾಲ್ ಎಲ್ಲಿ ಸೊಟ್ಟಗಾಗಿದೆ ಎಂಬಲ್ಲಿಗೆ. ಕಣ್ಣಿನ ಹಿಂದೆಯೇ ಬಾಯಿಯೂ ಹೋಗುತ್ತದೆ. ನಮ್ಮ ಮನೆಯವರು ಇದ್ದಾಗ ನನ್ನನ್ನು ಯಾರ ಮನೆಗೂ ಹೆಣ್ಣು ನೋಡಲು ಕರೆದುಕೊಂಡು ಹೋಗುತ್ತಿರಲಿಲ್ಲ. ನಾನು ಬಾಯಿ ತೆರೆದ ಮನೆಯಲ್ಲಿ ಚಹಾ ಕಪ್ಪಿನಲ್ಲೇ ಆರಿಹೋಗುತ್ತದೆ ಎಂದು ಅವರ ದೂರು. ಇಂಥ ನಾನು, ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು, ದೇಶ ದೇಶದ ಜನ ಕಂಪ್ಯೂಟರಿನಲ್ಲಿ ರಾಗ ಕಟ್ಟಿ ಆಡುವ ಒಂದು ಪಂದ್ಯಕ್ಕೆ ಅಭಿಪ್ರಾಯ ಹೇಳುವವಳಾದೆ. ಇದು ನನ್ನ ಯೋಗ್ಯತೆಯಿಂದ ಆದದ್ದಲ್ಲ, ಸೊಸೆಯಿಂದ ಆದದ್ದು.

ಸೊಸೆಯ ಹೆಸರು ಸುಜಾತಾ. ತವರು ಕಟಕೋಳ. ಇಲ್ಲಿ ಬೈಲಹೊಂಗಲದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಟೀಚರು. ನನ್ನ ಮಗ ಬಸ್ ಕಂಡಕ್ಟರ್, ಅವನಿಗೆ ಗೊತ್ತಿರುವ ಸಂಗೀತವೆಂದರೆ ಸೀಟಿ ಒಂದೇ. ಹೀಗಾಗಿ ಸುಜಾತಾ ಕ್ಲಾಸು ಮುಗಿಸಿ ಬಂದು, ಮನೆಯ ಕಂಪ್ಯೂಟರಿನ ಮುಂದೆ ಕುಳಿತು ತಾನು ಕಟ್ಟಿದ ರಾಗವನ್ನು ಯಾರಿಗಾದರೂ ಕೇಳಿಸಬೇಕೆಂದರೆ ಮನೆಯಲ್ಲಿ ಸಿಗುವ ಕಿವಿ ನನ್ನದೇ.

ಆ ರಾಗ ಕಟ್ಟುವ ಸಾಫ್ಟ್‌ವೇರನ್ನು ಒಬ್ಬನೇ ಕುಳಿತು ಮಾಡಿದ್ದಲ್ಲವಂತೆ. ಯಾರೋ ಶುರು ಮಾಡಿ ಎಲ್ಲರಿಗೂ ಕೊಟ್ಟರು. ತೆಗೆದುಕೊಂಡವರು ಬಿಚ್ಚಿ ನೋಡಿ, ಕೆಟ್ಟದ್ದನ್ನು ಸರಿಮಾಡಿ, ಇಲ್ಲದ್ದನ್ನು ಸೇರಿಸಿ, ಮತ್ತೆ ಎಲ್ಲರಿಗೂ ಕೊಟ್ಟರು. ಇದಕ್ಕೆ ಓಪನ್ ಸೋರ್ಸ್ ಎನ್ನುತ್ತಾರಂತೆ. ಸುಜಾತಾ ಇದನ್ನು ಲೋಕದಲ್ಲಿ ಈಗಷ್ಟೇ ಹುಟ್ಟಿದ ಸಂಗತಿ ಎಂಬಂತೆ ಹೇಳಿದಳು. ನಾನು ಮೊಸರಿನ ಹೆಪ್ಪಿನ ಮಾತು ತೆಗೆದೆ. ನಮ್ಮ ಓಣಿಯ ಹೆಪ್ಪು ಯಾರದು? ನಾನು ಕಸ್ತೂರಿಯ ಮನೆಯಿಂದ ತಂದೆ, ಕಸ್ತೂರಿ ಮೌಲಾಬಿಯ ಮನೆಯಿಂದ ತಂದಳು, ಮೌಲಾಬಿಯ ಹಾಲು ಒಡೆದ ದಿನ ನನ್ನ ಮನೆಯಿಂದಲೇ ಒಯ್ದಳು. ಬೀಸುವ ಕಲ್ಲಿನ ಹಾಡೂ ಹಾಗೆಯೇ. ಮೊದಲ ಸಾಲು ಯಾರದೋ, ಅತ್ತೆಯನ್ನು ಬೈಯುವ ಸಾಲು ಮಾತ್ರ ಹಾಡುವವಳ ಸ್ವಂತದ್ದು. ಸುಜಾತಾ ನಕ್ಕಳು. ನನ್ನ ಮೇಲೆ ಎಷ್ಟು ಸಾಲು ಕಟ್ಟಿದ್ದಾಳೋ ನಾನು ಕೇಳಲಿಲ್ಲ.

ಈ ಸಾಫ್ಟ್‌ವೇರಿನ ಮಂದಿ ಆಗಾಗ ತಮ್ಮೊಳಗೆ ಒಂದು ಪಂದ್ಯ ಇಟ್ಟುಕೊಳ್ಳುತ್ತಾರೆ. ಒಂದು ವಿಷಯ ಕೊಡುತ್ತಾರೆ, ಎಲ್ಲರೂ ಅದರ ಮೇಲೆ ರಾಗ ಕಟ್ಟಿ ಕಳಿಸಬೇಕು. ಕಳಿಸುವಾಗ ಹೇಗೆ ಕಟ್ಟಿದೆ ಎಂಬುದನ್ನೂ ಪೂರ್ತಿ ಬಿಚ್ಚಿ ತೋರಿಸಬೇಕು. ಆಮೇಲೆ ಕಳಿಸಿದ ಪ್ರತಿಯೊಬ್ಬರೂ ಬೇರೆಯವರ ಪೈಕಿ ಮೂವರಿಗೆ ವೋಟು ಹಾಕಿ, ಉಳಿದ ಎಲ್ಲರ ರಾಗದ ಮೇಲೂ ಎರಡೆರಡು ಮಾತು ಬರೆಯಬೇಕು. ಒಬ್ಬರದ್ದು ಬರೆಯದೆ ಬಿಟ್ಟರೂ ನಿಮ್ಮ ರಾಗ ಪಂದ್ಯದಿಂದ ಹೊರಗೆ. ಗೆದ್ದವರಿಗೆ ಏನು ಸಿಗುತ್ತದೆ ಎಂದು ಕೇಳಿದೆ. ಮುಂದಿನ ಪಂದ್ಯದ ವಿಷಯ ಕೊಡುವ ಅಧಿಕಾರ ಎಂದಳು. ಬೇರೆ ಏನೂ ಇಲ್ಲ, ಒಂದು ತೆಂಗಿನಕಾಯಿ ಕೂಡ ಇಲ್ಲ.

ನಾನು ಪಂದ್ಯ ಕಾಣದವಳಲ್ಲ. ನನ್ನ ಅಣ್ಣ ರಾಮದುರ್ಗದ ಕಡೆಯ ಒಂದು ಗೀಗೀ ಮೇಳದಲ್ಲಿ ದಪ್ಪು ಬಾರಿಸುತ್ತಿದ್ದ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುವುದು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುವುದು, ಒಬ್ಬರು ಸವಾಲು ಒಗೆದರೆ ಇನ್ನೊಬ್ಬರು ಜವಾಬು ಕೊಡುವುದು. ಅಣ್ಣನ ಮೇಳದವರು ಪದದ ವಹಿಯನ್ನು ಅರಿವೆಯಲ್ಲಿ ಸುತ್ತಿ, ಜೋಳದ ಚೀಲದ ಅಡಿಗೆ ಇಡುತ್ತಿದ್ದರು. ಎದುರಿನವರಿಗೆ ಒಂದು ಸಾಲು ಸಿಕ್ಕರೂ ಜವಾಬು ಸಿದ್ಧ ಮಾಡಿಕೊಂಡು ಬರುತ್ತಾರೆಂಬ ಅಂಜಿಕೆ. ಇವರು ನೋಡಿದರೆ ವಹಿಯನ್ನೇ ಓಣಿಯಲ್ಲಿ ಹರವಿ ಕೂಡುತ್ತಾರೆ. ಆದರೆ ನಮ್ಮವರಲ್ಲಿ ಒಂದು ಗುಣವಿತ್ತು. ಮಂದಿಯ ಎದುರಿಗೆ ಒಬ್ಬರ ಮಾನ ಒಬ್ಬರು ಹರಾಜು ಹಾಕಿ, ಬಸ್‌ಸ್ಟ್ಯಾಂಡಿನಲ್ಲಿ ಎರಡೂ ಮೇಳದವರು ಒಂದೇ ಬಾಕಿನ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದರು. ಸ್ನೇಹದ ಪಂದ್ಯವೆಂದರೆ ಹೀಗೆ ಎಂದೇ ನಾನು ತಿಳಿದಿದ್ದೆ. ಮುಂದೆ ಆದದ್ದಕ್ಕೆಲ್ಲ ಈ ತಿಳುವಳಿಕೆಯೇ ಕಾರಣ.

ನಮ್ಮ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ದಾದಾಪೀರನ ಅಂಗಡಿಗೆ ಹೋಗಬೇಕಿತ್ತು. ಮೊದಲು ಅವನದು ಕ್ಯಾಸೆಟ್ ಅಂಗಡಿ. ಭಜನಿ ಪದ, ಗೀಗೀ ಪದ, ಕವಾಲಿ ಎಲ್ಲ ತುಂಬಿಸಿ ಕೊಡುತ್ತಿದ್ದ. ಕ್ಯಾಸೆಟ್ಟಿನ ಕಾಲ ಮುಗಿದಾಗ ಅದೇ ಕಪಾಟುಗಳ ನಡುವೆ ನಾಲ್ಕು ಕಂಪ್ಯೂಟರ್ ಕೂಡಿಸಿ ನೆಟ್ ಸೆಂಟರ್ ಮಾಡಿದ. ಸುಜಾತಾ ಅಲ್ಲಿಂದ ಎಲ್ಲರ ರಾಗಗಳನ್ನು ಪೆನ್ ಡ್ರೈವಿನಲ್ಲಿ ತಂದು ನನಗೆ ಕೇಳಿಸುವಳು. ನಾನು ಕಾಳು ಆರಿಸುತ್ತ ಕೇಳಿ, ಅನಿಸಿದ್ದು ಹೇಳುವೆ. ಅವಳು ಇಂಗ್ಲಿಷಿನಲ್ಲಿ ‘ನಮ್ಮ ಅತ್ತೆ ಹೀಗೆ ಹೇಳುತ್ತಾರೆ’ ಎಂದು ಬರೆದು ಕಳಿಸುವಳು. ಒಂದು ವರ್ಷ ಹೀಗೆ ನಡೆಯಿತು. ಅಲ್ಲಿಯ ಮಂದಿ ಅಜ್ಜಿಯ ಮಾತು ಇನ್ನೂ ಬಂದಿಲ್ಲವೇ ಎಂದು ಕಾಯುತ್ತಾರೆ ಎಂದು ಕೇಳಿ, ಖರೆ ಮಾತಿಗೆ ಹೊರದೇಶದಲ್ಲಿ ಬೆಲೆ ಇದೆ ಎಂದುಕೊಂಡೆ. ಎರಡು ದಿನ ಕಸ್ತೂರಿಯ ಎದುರಿಗೆ ಸ್ವಲ್ಪ ದೊಡ್ಡವಳಾಗಿಯೂ ನಡೆದುಕೊಂಡೆ.

ಆ ಗುಂಪಿನಲ್ಲಿ ಯಾರೂ ಸ್ವಂತ ಹೆಸರು ಇಟ್ಟುಕೊಳ್ಳುವುದಿಲ್ಲ. ಗಡ್ಡ ಬಂದ ಗಂಡಸರು ಹುಲಿ, ಗೂಬೆ, ರಾಕೆಟ್ಟು ಎಂದೆಲ್ಲ ಕರೆದುಕೊಳ್ಳುತ್ತಾರೆ. ಒಬ್ಬ ತನಗೆ ‘ಒದ್ದೆ ಕಾಲುಚೀಲ’ ಎಂದು ಹೆಸರಿಟ್ಟುಕೊಂಡಿದ್ದ. ಯಾವುದೋ ಥಂಡಿ ದೇಶದವನು, ವಯಸ್ಸಾದವನು. ಪಂದ್ಯವನ್ನು ಹುಟ್ಟಿಸಿದವನೇ ಅವನು. ದಿನ ಗೊತ್ತು ಮಾಡುವುದು, ವೋಟು ಎಣಿಸುವುದು, ಬರೆಯದವರಿಗೆ ನೆನಪು ಮಾಡುವುದು ಎಲ್ಲ ಅವನದೇ ಕೆಲಸ. ಮತ್ತು ಪ್ರತಿಸಲವೂ ಕಟ್ಟಕಡೆಯ ನಂಬರು ಅವನದೇ.

ಒಮ್ಮೆ ಸುಜಾತಾ ಬಸುರಿ ತಂಗಿಯ ಕುಬಸಕ್ಕೆಂದು ಕಟಕೋಳಕ್ಕೆ ಹೋದಳು. ಆ ಸಲದ ಪಂದ್ಯಕ್ಕೆ ಒಂದು ಛಂದದ ರಾಗ ಕಳಿಸಿದ್ದಳು. ಛಂದದ್ದು ಎಂದು ಅವಳಿಗೆ ನಾನು ಹೇಳಿರಲಿಲ್ಲ, ಅದು ಬೇರೆ ಮಾತು. ವೋಟು ಹಾಕಿ, ಎಲ್ಲರ ಮೇಲೂ ಬರೆದು, ಒದ್ದೆ ಕಾಲುಚೀಲನದು ಒಂದನ್ನು ಮಾತ್ರ ಬಾಕಿ ಇಟ್ಟು ಹೋಗಿದ್ದಳು. ಬರೆಯಲು ಏನೂ ಹೊಳೆದಿರಲಿಲ್ಲ. ಕಟಕೋಳದಲ್ಲಿ ನೆಟ್ ಇಲ್ಲ. ಕಡೆಯ ದಿನ ಫೋನು ಮಾಡಿದಳು.

“ಅತ್ತಿ, ದಾದಾಪೀರಣ್ಣನ ಕಡೆಯಿಂದ ಒಂದು ಮಾತು ಬರಸ್ರಿ. ಚಲೋ ಮಾತು. ಹುಡುಕಿದ್ರ ಎಲ್ಲ್ಯಾರ ಒಂದು ಸಿಕ್ಕೀತು.”

ನಾನು ಹುಡುಕಿದೆ, ಸುಳ್ಳು ಹೇಳುವುದಿಲ್ಲ. ದಾದಾಪೀರನ ಅಂಗಡಿಯಲ್ಲಿ ಕುಳಿತು ಆ ರಾಗವನ್ನು ಎರಡು ಸಲ ಕೇಳಿದೆ. ಢೋಲು ಇತ್ತು, ಗಂಟೆ ಇತ್ತು, ಹಕ್ಕಿ ಇತ್ತು, ರೈಲು ಇತ್ತು. ನಡುವೆ ಎಲ್ಲೋ ಒಂದು ಸಣ್ಣ ಕೊಳಲು. ದಾದಾಪೀರ ಬೆರಳು ಎತ್ತಿಕೊಂಡು ಕಾಯುತ್ತಿದ್ದ.

“ಬರಿಯಪ್ಪಾ,” ಎಂದೆ. “ಲಗ್ನದ ಮನ್ಯಾಗ ಎಲ್ಲಾರೂ ಒಮ್ಮಿಗೇ ಒದರಿದಂಗ ಐತಿ. ನಡುವ ಒಂದು ಕೊಳಲು ಏನೋ ಹೇಳಾಕ ಹತ್ತೇತಿ, ಪಾಪ, ಯಾರೂ ಕೇಳವಲ್ರು. ಈ ಮನಶಾಗ ಯಾವುದನ್ನೂ ಬಿಡಾಕ ಬರೂದಿಲ್ಲ. ಅದಕ್ಕಾ ಪ್ರತೀಸಲಾ ಕಡೀಕ ಬೀಳ್ತಾನ.”

“ಹಂಗಾ ಬರೀಲೇನ್ರಿ ಅವ್ವಾರ?”

“ಹಂಗಾ ಬರಿ. ನಿನ್ನ ಕಡೆಯಿಂದ ಬೆಲ್ಲ ಹಾಕಬ್ಯಾಡ.”

ದಾದಾಪೀರ ಪ್ರಾಮಾಣಿಕ ಮನುಷ್ಯ. ತನಗೆ ಬರುವ ಇಂಗ್ಲಿಷಿನಲ್ಲಿ ಹಾಗೇ ಬರೆದ.

ಸುಜಾತಾ ಮರಳಿ ಬಂದು, ನೆಟ್ ಸೆಂಟರಿಗೆ ಹೋಗಿ, ಮನೆಗೆ ಬಂದಾಗ ಅವಳ ಮುಖ ನೋಡುವಂತಿರಲಿಲ್ಲ. ಅವಳು ಗೆದ್ದಿದ್ದಳು. ಮೊದಲನೇ ಸಲ, ಮೊದಲನೇ ನಂಬರು. ಆದರೆ ಅದರ ಕೆಳಗೇ ಒದ್ದೆ ಕಾಲುಚೀಲ ಎರಡು ಸಾಲು ಬರೆದಿದ್ದ. ಅಜ್ಜಿ ಹೇಳಿದ್ದು ಸರಿ ಇರಬಹುದು, ತನಗೆ ಈ ಕೆಲಸ ಬರುವುದಿಲ್ಲ, ಇನ್ನು ಪಂದ್ಯವನ್ನು ಬೇರೆ ಯಾರಾದರೂ ನಡೆಸಿಕೊಳ್ಳಿ, ಅಷ್ಟೇ. ನಡೆಸುತ್ತೇನೆಂದು ಒಬ್ಬರೂ ಮುಂದೆ ಬಂದಿರಲಿಲ್ಲ. ಹುಲಿಗೆ ಪರೀಕ್ಷೆ ಇತ್ತು, ಗೂಬೆಗೆ ಕೂಸು ಹುಟ್ಟಿತ್ತು. ವಿಷಯ ಕೊಡುವ ಅಧಿಕಾರ ಸುಜಾತಾಳ ಕೈಗೆ ಬಂದ ದಿನವೇ ಪಂದ್ಯ ನಿಂತುಹೋಯಿತು. ಅಡುಗೆ, ಕ್ಲಾಸು, ಮಕ್ಕಳು, ಮತ್ತೆ ಅಡುಗೆ, ಇದರ ನಡುವೆ ಆ ಹೆಣ್ಣುಮಗಳಿಗೆ ತನ್ನದೆಂದು ಇದ್ದದ್ದು ಅದೊಂದೇ. ಅದು ನನಗೆ ತಿಳಿಯದ್ದಲ್ಲ.

ಆದರೂ ಸುಮ್ಮನೆ ಬೈಸಿಕೊಳ್ಳುವ ಅಭ್ಯಾಸ ನನಗಿಲ್ಲ. ಒಂದು ವರ್ಷದಿಂದ ಬೈದಿದ್ದೇನೆ, ಇವನೊಬ್ಬನಿಗೇ ಯಾಕೆ ಹತ್ತಿತು ಎಂದು ಕೇಳಿದೆ. ಆಗ ಗುಟ್ಟು ಹೊರಬಿತ್ತು.

“ನಿಮ್ಮ ಮಾತು ಹಂಗಾ ಕಳಿಸಿದ್ರ ಅಲ್ಲಿ ಒಬ್ಬರೂ ಉಳೀತಿದ್ದಿಲ್ರಿ ಅತ್ತಿ,” ಎಂದಳು. “ನಾ ತಿದ್ದಿ ಕಳಸ್ತಿದ್ನಿ.”

ಹೇಗೆ ತಿದ್ದಿದ್ದಳು ಎಂಬುದನ್ನು ಒಂದೊಂದಾಗಿ ಬಿಡಿಸಿ ಕೇಳಿದೆ. ಹುಲಿಯ ರಾಗ ಒಂದು ಹಲ್ಲು ಮುರಿದ ಗಿರಣಿಯಂತೆ ತಿರುಗುತ್ತದೆ ಎಂದಿದ್ದೆ. ಹುಲಿಯ ರಾಗ ಕೇಳಿ ಅತ್ತೆಗೆ ತಮ್ಮೂರಿನ ಹಿಟ್ಟಿನ ಗಿರಣಿ ನೆನಪಾಯಿತು ಎಂದು ಹೋಗಿತ್ತು. ಗೂಬೆಯ ರಾಗಕ್ಕೆ ನನಗೆ ನಿದ್ದೆ ಬಂತು ಎಂದಿದ್ದೆ. ಅತ್ತೆಗೆ ಅಪಾರ ಶಾಂತಿ ಸಿಕ್ಕಿತು ಎಂದು ಹೋಗಿತ್ತು. ದೇಶ ದೇಶಗಳಲ್ಲಿ ಜನ ಕಾಯುತ್ತಿದ್ದ ಆ ಸವಿ ಮಾತಿನ ಅಜ್ಜಿ ನಾನಲ್ಲವೇ ಅಲ್ಲ, ಯಾರೋ ಬೇರೆ ಮುದುಕಿ. ಇದೇ ಕೆಲಸವನ್ನು ಸುಜಾತಾ ನಮ್ಮ ಓಣಿಯಲ್ಲಿಯೂ ಮಾಡುತ್ತಿರಬೇಕು ಎಂದು ಆಗ ಹೊಳೆಯಿತು. ಇಲ್ಲದಿದ್ದರೆ ಕಸ್ತೂರಿ ಈಗಲೂ ನಮ್ಮ ಮನೆಗೆ ಹೆಪ್ಪು ಕೊಡುವುದು ಹೇಗೆ ಸಾಧ್ಯ?

ಎರಡು ದಿನ ಮನೆಯಲ್ಲಿ ಮಾತು ಕಡಿಮೆ, ಪಾತ್ರೆಯ ಸದ್ದು ಜಾಸ್ತಿ. ಸುಜಾತಾ ಅವನಿಗೆ ನನ್ನ ಪರವಾಗಿ ಕ್ಷಮೆ ಕೇಳಿ ಬರೆಯುತ್ತೇನೆಂದಳು. ಬೇಡ ಎಂದೆ. ಹೇಳಿದ್ದು ಸುಳ್ಳಾಗಿದ್ದರೆ ಕೇಳಬಹುದಿತ್ತು, ಆ ರಾಗದಲ್ಲಿ ರೈಲು ಇನ್ನೂ ಓಡುತ್ತಲೇ ಇದೆ. ಆದರೆ ಎದುರಿನವರಿಗೆ ಜವಾಬು ಕೊಡಲು ಜಾಗ ಬಿಡದೆ ಸವಾಲು ಒಗೆದದ್ದು ತಪ್ಪು, ಗೀಗೀ ಮೇಳದಲ್ಲಾದರೂ ಅದು ತಪ್ಪೇ. ಆದ್ದರಿಂದ ಸುಜಾತಾಳಿಗೆ ನಾನೊಂದು ದಾರಿ ಹೇಳಿದೆ.

“ನಾನೂ ಪಂದ್ಯಕ್ಕ ಕೂಡ್ತೇನಿ ಅಂತ ಬರಿ. ನನ್ನ ಮ್ಯಾಲೆ ಅಂವಾ ತನಗ ಅನಿಸಿದ್ದು ಬರೀಲಿ. ನೀ ತಿದ್ದದ ನನಗ ಓದಿ ಹೇಳಬೇಕು, ಅಷ್ಟಾ.”

ಅವಳು ಬರೆದಳು. ವಿಷಯವನ್ನೂ ಕೊಟ್ಟಳು: ಯಾವ ವಾದ್ಯವೂ ಇಲ್ಲದೆ, ಮನೆಯಲ್ಲಿ ನಿಮ್ಮ ಕೈ ಮಾಡುವ ಸದ್ದು. ಮರುದಿನವೇ ಒದ್ದೆ ಕಾಲುಚೀಲ ತಿರುಗಿ ಬಂದು ದಿನ ಗೊತ್ತು ಮಾಡಿದ. ಸ್ನೇಹಕ್ಕೆ ಬಾರದ ಮನುಷ್ಯ ಸೇಡು ತೀರಿಸಿಕೊಳ್ಳುವ ಅವಕಾಶಕ್ಕೆ ಎಷ್ಟು ಬೇಗ ಬರುತ್ತಾನೆ ನೋಡಿ.

ನನ್ನ ಕೈ ಮಾಡುವ ಸದ್ದೆಂದರೆ ರೊಟ್ಟಿ ಬಡಿಯುವುದು. ಸುಜಾತಾ ರೊಟ್ಟಿ ಬಡಿಯುವ ಮಣೆಯ ಹತ್ತಿರ ಒಂದು ಸಣ್ಣ ಮೈಕು ಇಟ್ಟಳು. ನಾನು ಎರಡು ರೊಟ್ಟಿ ಬಡಿದೆ. ಕತ್ತರಿಸಿ ಜೋಡಿಸಲು ಬಿಡಲಿಲ್ಲ. ಅವಳು ಅದನ್ನು ಇದ್ದ ಹಾಗೇ ಕಳಿಸಿದಳು.

ಎಲ್ಲರೂ ಬರೆದರು. ಅದ್ಭುತ ಎಂದ ಹುಲಿ. ಅಜ್ಜಿಯ ಕೈಯಲ್ಲಿ ಭೂಮಿಯೇ ತಾಳ ಹಾಕುತ್ತಿದೆ ಎಂದ ಗೂಬೆ. ಇಂಥ ಮಾತು ಕೇಳಿದರೆ ನನಗೆ ಒಂದು ರೊಟ್ಟಿಯೂ ಬಡಿಯಬೇಕೆನಿಸುವುದಿಲ್ಲ. ಕಡೆಗೆ ಸುಜಾತಾ ಒದ್ದೆ ಕಾಲುಚೀಲನದನ್ನು ತಿದ್ದದೆ ಓದಿದಳು. ಎರಡು ರೊಟ್ಟಿ ಬೇಕಾಗಿರಲಿಲ್ಲ, ಒಂದು ಸಾಕಿತ್ತು. ಎರಡರಲ್ಲೂ ನಡುವೆ ಕೈ ಸುಮ್ಮನೆ ನಿಲ್ಲುತ್ತದೆ, ಎರಡನೆಯದರಲ್ಲಿ ಇನ್ನಷ್ಟು ಹೊತ್ತು. ಆ ಹೊತ್ತಿಗೆ ಬಡಿಯುವವರ ಗಮನ ಬೇರೆ ಎಲ್ಲೋ ಇದೆ.

ನನಗೆ ನೆತ್ತಿಗೆ ಏರಿತು. ಜನ್ಮದಲ್ಲಿ ಜೋಳದ ರೊಟ್ಟಿ ಕಾಣದವನು ನನ್ನ ಕೈಯ ಮಾತು ಆಡುವುದೇ? ಅಲ್ಲಿ ನಿಲ್ಲಿಸಿದ್ದು ಹಿಟ್ಟು ಉದುರಿಸಲು ಎಂದೆ. ಸುಜಾತಾ ರಾಗವನ್ನು ಹಚ್ಚಿದಳು. ಕೇಳಿದೆವು. ಕೈ ನಿಂತಿತು. ಹಿಟ್ಟಿನ ಸದ್ದು ಬರಲಿಲ್ಲ.

“ಹಿಟ್ಟು ಮೊದಲಾ ಉದುರಿಸಿದ್ರಿ, ಅತ್ತಿ,” ಎಂದಳು ಮೆಲ್ಲಗೆ.

ಇಷ್ಟು ವರ್ಷ ರೊಟ್ಟಿ ಬಡಿದಿದ್ದೇನೆ. ಹೊಸ್ತಿಲಲ್ಲಿ ಬೀಗರು ಬಂದು ನಿಂತಾಗಲೂ, ಒಮ್ಮೆ ಅಟ್ಟದಿಂದ ಹಾವು ಇಳಿದಾಗಲೂ ನನ್ನ ಕೈ ನಿಂತಿಲ್ಲ. ಅವತ್ತು ಎರಡು ಸಲ ನಿಂತಿತು. ಆ ಮೈಕಿನ ಕೆಂಪು ದೀಪ ಇನ್ನೂ ಹತ್ತಿದೆಯೋ, ನನ್ನ ಸದ್ದು ಒಳಗೆ ಹೋಗುತ್ತಿದೆಯೋ ಎಂದು ನಾನು ಕತ್ತು ಚಾಚಿ ನೋಡಿದ್ದೆ. ಸಾವಿರಾರು ಮೈಲಿ ದೂರ, ಹಿಮದೊಳಗೆ ಕುಳಿತವನಿಗೆ ಅದು ಕೇಳಿಸಿತ್ತು. ಅಂದರೆ ಅವನು ಖರೇನೇ ಕೇಳಿದ್ದ.

‘ಬರೋಬರಿ ಐತಿ’ ಎಂದು ಅವನಿಗೆ ಬರೆಯಲು ಹೇಳಿದೆ. ಅವನು ಕಳಿಸಿದ್ದರ ಮೇಲೂ ನನ್ನ ಎರಡು ಮಾತು ಹೇಳಿದೆ. ಬಾಗಿಲು ಬಡಿಯುವ ಸದ್ದು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಬಿಟ್ಟಿದ್ದ, ಬಿಡಲು ಕಲಿತಿದ್ದ, ಆದರೆ ಮನಸ್ಸು ತಡೆಯದೆ ಕೊನೆಗೆ ಒಂದು ಬಕೆಟ್ ಉರುಳಿಸಿದ್ದ. ಬಕೆಟ್ ತೆಗೆ ಎಂದೆ. ಸುಜಾತಾ ಈ ಸಲ ಹಾಗೇ ಬರೆದಳು.

ಫಲಿತಾಂಶ ಬಂದಾಗ ಅವನು ಕಟ್ಟಕಡೆ, ಅವನ ಮೇಲೆ ನಾನು. ಆ ಪಂದ್ಯದಲ್ಲಿ ಯಾರು ಯಾರಿಗೆ ವೋಟು ಹಾಕಿದರು ಎಂಬುದನ್ನೂ ಮುಚ್ಚಿಡುವುದಿಲ್ಲ. ಸುಜಾತಾ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ಅವನು ನನಗೆ ವೋಟು ಹಾಕಿರಲಿಲ್ಲ. ನಾನೂ ಅವನಿಗೆ ಹಾಕಿರಲಿಲ್ಲ. ಒಬ್ಬರಿಗೊಬ್ಬರು ಒಂದೊಂದು ಹಾಕಿಕೊಂಡಿದ್ದರೆ ಇಬ್ಬರ ಮಾನವೂ ಸ್ವಲ್ಪ ಉಳಿಯುತ್ತಿತ್ತು. ಇಷ್ಟು ನಂಬಿಗಸ್ತ ಮನುಷ್ಯ ನನ್ನ ಬೀಗರಲ್ಲಿ ಒಬ್ಬನೂ ಸಿಕ್ಕಿಲ್ಲ.